ಅಳಿಸಲಾಗದ ಒಂಟೆ

ಪ್ರೆಸ್ಸಿನ ಮಾಲೀಕರ ಮುಖವನ್ನು ಕಂಪ್ಯೂಟರಿನಲ್ಲಿ ಒಂಟೆಯ ಕತ್ತಿನ ಮೇಲೆ ಕೂರಿಸಿದಾಗ ಡಿಸೈನರನಿಗೆ ಅದು ತಪ್ಪು ಅನ್ನಿಸಿರಲಿಲ್ಲ. ಅಷ್ಟು ಚೆನ್ನಾಗಿ ಕೂತಿತ್ತು. ಆಮೇಲೆ ಕುಸ್ತಿಪಟು, ತೊಟ್ಟಿಲ ಕೂಸು, ಮದುಮಗಳು ಎಂದು ಒಂದು ಫೋಲ್ಡರೇ ತುಂಬಿಹೋಯಿತು.

"ಊಟ ಮುಗಿಸಿ ನಿನ್ನ ಕಂಪ್ಯೂಟರ್ ಹತ್ರ ಬಂದು ಕೂತ್ಕೋತೀನಿ. ಕ್ಯಾಲೆಂಡರಿಗೆ ನನ್ನದೊಂದು ಫೋಟೋ ಆರಿಸ್ಬೇಕು," ಎಂದು ಮಾಲೀಕರು ತಮ್ಮ ಕೋಣೆ ಸೇರಿದ್ದೇ ತಡ, ಅವನ ಎದೆ ಪ್ರೆಸ್ಸಿನ ಯಂತ್ರಕ್ಕಿಂತ ಜೋರಾಗಿ ಬಡಿಯತೊಡಗಿತು. ಕೆಲಸ ಹೋಗಲು ಆ ಒಂಟೆಯೊಂದೇ ಸಾಕು.

ಡಿಲೀಟ್ ಒತ್ತಿದ. 'ಈ ಫೋಲ್ಡರ್ ಬೇರೆ ಕಡೆ ತೆರೆದಿದೆ. ಅದನ್ನು ಮುಚ್ಚಿ ಮತ್ತೆ ಪ್ರಯತ್ನಿಸಿ' ಎಂದಿತು ಪರದೆ. ತೆರೆದದ್ದನ್ನೆಲ್ಲ ಮುಚ್ಚಿದ. ಗಾಬರಿಯಲ್ಲಿ ಬಾಗಿಲನ್ನೂ ಮುಚ್ಚಿದ. ಪರದೆ ಅದೇ ಮಾತು ಹೇಳಿತು.

ಬಾಗಿಲು ತಳ್ಳಿಕೊಂಡು ಪ್ರೂಫ್ ನೋಡುವ ಅಕ್ಕ ಬಂದಳು. "ಯಾಕೋ ತಮ್ಮಾ, ಹೀಗೆ ಬೆವರ್ತಿದೀಯ?"

"ಏನಿಲ್ಲ ಅಕ್ಕ, ಒಂದು ಫೋಲ್ಡರ್ ಹೋಗ್ತಿಲ್ಲ."

"ಒಳಗಿರೋದನ್ನ ಒಂದೊಂದಾಗಿ ತೆಗಿ," ಎನ್ನುತ್ತ ಅಕ್ಕ ತಾನೇ ತೆರೆದಳು. ಒಂಟೆ ಕಂಡಿತು. "ಅಯ್ಯಯ್ಯಪ್ಪಾ!" ಎಂದು ಕಿರುಚಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳ ಸಂದಿಯಿಂದ ಸೋರಿತು.

ಆ ಸದ್ದಿಗೆ ಬೈಂಡರ್ ಮಾಮ ಅಂಟು ಮೆತ್ತಿದ ಕೈಯಲ್ಲೇ ಓಡಿ ಬಂದ. "ಆ ಕಡೆ ಸರೀರಿ, ಇಂಥಾದ್ದೆಲ್ಲ ನಂಗೆ ಬಿಡಿ," ಎಂದು ಕೀಲಿಮಣೆಯ ಮೇಲೆ ಕೈಯಿಟ್ಟ. ಬೆರಳು ಅಂಟಿಕೊಂಡಿತು. ಕಿತ್ತುಕೊಳ್ಳುವಷ್ಟರಲ್ಲಿ ಯಾವ ಗುಂಡಿ ಒತ್ತಿತೋ, ಮೂಲೆಯ ಪ್ರಿಂಟರ್ ಗೊರಗೊರ ಎಂದು ಒಂಟೆಗಳನ್ನು ಉಗುಳತೊಡಗಿತು.

"ನಿಲ್ಸಿ ಮಾಮ! ನನ್ನ ಹೊಟ್ಟೆ ಮೇಲೆ ಹೊಡೀಬೇಡಿ!"

ಹೊರಬಂದ ಹಾಳೆಗಳನ್ನೆಲ್ಲ ಅಂಗಿಯೊಳಗೆ ತುರುಕಿಕೊಂಡು, ಗರ್ಭಿಣಿಯಂತೆ ಉಬ್ಬಿದ ಹೊಟ್ಟೆಯಲ್ಲೇ ಡಿಸೈನರ್ ಕಂಪ್ಯೂಟರ್ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ.

"ನಿಮ್ಮಲ್ಲಿ ತಂತಿಯಿಂದ ಜೋಡಿಸಿದ ಇನ್ನೊಂದು ಕಂಪ್ಯೂಟರ್ ಇದೆಯೇನ್ರೀ?" ಎಂದ ಮೆಕ್ಯಾನಿಕ್.

"ಇದೆ. ಯಾಕೆ?"

"ಅಲ್ಲಿ ಯಾರೋ ಈಗ ಅದೇ ಫೋಲ್ಡರ್ ತೆರೆದು ಕೂತಿದಾರೆ. ಅವರು ಮುಚ್ಚೋವರೆಗೂ ಅಳಿಸೋಕಾಗಲ್ಲ."

ಡಿಸೈನರ್ ಮೆಲ್ಲಗೆ ಫೋನಿಟ್ಟ. ಇನ್ನೊಂದು ಕಂಪ್ಯೂಟರ್ ಇದ್ದದ್ದು ಮಾಲೀಕರ ಕೋಣೆಯಲ್ಲಿ.

"ಡಿಸೈನರೇ, ಒಳಗೆ ಬಾರಯ್ಯ!"

ಅವನು ಉಬ್ಬಿದ ಹೊಟ್ಟೆಯನ್ನು ಕೈಯಲ್ಲಿ ಮುಚ್ಚಿಕೊಂಡು ಒಳಗೆ ನಡೆದ. ಮಾಲೀಕರು ಪರದೆಯಿಂದ ಕಣ್ಣು ಕೀಳಲಿಲ್ಲ.

"ತಪ್ಪಾಯ್ತು ಸರ್..."

"ತಪ್ಪೇನು ಬಂತು? ಎಷ್ಟು ದಿನದಿಂದ ನೋಡಿ ನಗ್ತಿದೀನಿ! ಒಂಟೆಯಂತೂ ನಮ್ಮ ಮನೆಯವಳಿಗೆ ಭಾರಿ ಇಷ್ಟ."

ಡಿಸೈನರನಿಗೆ ಹೋದ ಜೀವ ಬಂದಂತಾಯಿತು. ನಗಲೆಂದು ಬಾಯಿ ತೆರೆದ.

"ನಿನ್ನ ಚಿತ್ರಗಳ ಪದರಗಳನ್ನೆಲ್ಲ ಬಿಚ್ಚಿ ಬಿಚ್ಚಿ ನೋಡಿದೆ. ಎಲ್ಲಿ ಕತ್ತರಿಸೋದು, ಎಲ್ಲಿ ಅಂಟಿಸೋದು, ನೆರಳು ಹೇಗೆ ಕೊಡೋದು, ಪೂರ್ತಿ ಕಲಿತುಬಿಟ್ಟೆ ನೋಡು. ಇನ್ಮೇಲೆ ಡಿಸೈನೆಲ್ಲ ನಾನೇ ಮಾಡ್ಕೋತೀನಿ. ಬೇರೆಯವರಿಗೆ ಸುಮ್ನೆ ಯಾಕೆ ತೊಂದರೆ? ನಾಳೆಯಿಂದ ನೀನು ಬರಬೇಡ."

ಮಾಲೀಕರು ಪರದೆಯನ್ನು ಅವನ ಕಡೆ ತಿರುಗಿಸಿದರು. ಅದರಲ್ಲೊಂದು ಕತ್ತೆ. ಕತ್ತೆಗೆ ಡಿಸೈನರನದೇ ಮುಖ.

"ನನ್ನ ಮೊದಲನೇ ಕೆಲಸ ಕಣಯ್ಯ. ಎಷ್ಟು ಒದ್ದಾಡಿದ್ರೂ ಕಿವಿ ಸರಿಯಾಗಿ ಕೂರ್ತಿಲ್ಲ. ಹೋಗೋ ಮುಂಚೆ ಸ್ವಲ್ಪ ಕೂರಿಸಿ ಹೋಗು."