ಕೊಲ್ಲಿಯ ಗಾಳಿಯಲ್ಲಿ ಕನ್ನಡ ಬಾವುಟ

ಎಲ್ಲ ಎಡವಟ್ಟಿಗೂ ಮೂಲ ಗಾಳಿ.

ವಿಲಾಯಿತಿಯ ಕೆಂಟನ್ನಿನಲ್ಲಿ ನೆಲೆಸಿದ ನರಸಿಂಹಮೂರ್ತಿ ಹೋದ ತಿಂಗಳು ಒಬ್ಬನೇ ನಮೀಬಿಯಾ ನೋಡಿ ಬಂದಿದ್ದ. ಅಲ್ಲಿ ಮರಳುಗಾಡು ಸೀದಾ ಸಮುದ್ರಕ್ಕೆ ಇಳಿಯುವ ಕಡೆ ಒಂದು ಕೊಲ್ಲಿ. ಮನೆಯಿಲ್ಲ, ಮರವಿಲ್ಲ; ಬರೀ ಗಾಳಿ, ಕಣ್ಣು ಹಾಯುವಷ್ಟೂ ರಾಜಹಂಸಗಳು. ಬೇರೆಯವರು ಅಲ್ಲಿಗೆ ದುರ್ಬೀನು ಒಯ್ಯುತ್ತಾರೆ, ಮೂರ್ತಿ ಕನ್ನಡ ಬಾವುಟ ಒಯ್ದಿದ್ದ. ಐಫೆಲ್ ಟವರಿನ ಮುಂದೆ, ಆಲ್ಪ್ಸ್ ಹಿಮದ ಮೇಲೆ ಯಾರ್ಯಾರೋ ಅರಿಶಿನ ಕುಂಕುಮದ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡಾಗಿತ್ತು. ಈ ಕೊಲ್ಲಿ ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ.

ಸೆಲ್ಫಿ ಸ್ಟಿಕ್ಕಿಗೆ ಬಾವುಟ ಕಟ್ಟಿ, ಮರಳಲ್ಲಿ ನೆಟ್ಟು, ಎದೆಯುಬ್ಬಿಸಿ ನಿಂತ. ಜೀಪಿನ ಡ್ರೈವರ್ ಮೊಬೈಲ್ ಎತ್ತುವಷ್ಟರಲ್ಲಿ ಗಾಳಿ ಬೀಸಿ ಬಾವುಟ ಕೋಲಿನ ಸಮೇತ ಹಾರಿಹೋಯಿತು. ಹಿಂದೆ ಓಡಹೊರಟವನನ್ನು ಡ್ರೈವರ್ ರಟ್ಟೆ ಹಿಡಿದು ಜೀಪಿಗೆ ತುಂಬಿದ. ಉಬ್ಬರ ಬರುವ ಹೊತ್ತಾಗಿತ್ತು. ಮನೆಗೆ ಬಂದ ಮೂರ್ತಿ ಬಾವುಟ ಹಾರಿಸಿದ್ದನ್ನು ಸಂಘದವರಿಗೆಲ್ಲ ಹೇಳಿದ, ಅದು ಹಾರಿಹೋದದ್ದನ್ನು ಮಾತ್ರ ಹೇಳಲಿಲ್ಲ.

ಇವತ್ತು ಕನ್ನಡ ಸಂಘದ ರಾಜ್ಯೋತ್ಸವ. ಮರಳುಗಾಡಿನ ಕಡಲಲ್ಲಿ ಬಾವುಟ ಹಾರಿಸಿದ ಮೊದಲ ಕನ್ನಡಿಗನಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಆ ಪೇಟಕ್ಕಾಗಿ ಮೂರ್ತಿ ಎಷ್ಟೋ ವರ್ಷಗಳಿಂದ ತಲೆ ಕಾಯ್ದಿರಿಸಿದ್ದ. ಬೆಳಿಗ್ಗೆ ಸಂಘದ ಕಾರ್ಯದರ್ಶಿ, ಪಕ್ಕದ ಮನೆಯ ಮಧುಸೂದನ್, ಹಾಲ್‌ಗೆ ಹೊರಟವರು ಬೇಲಿಯಾಚೆಯಿಂದಲೇ ಕೂಗಿದರು.

"ಮೂರ್ತಿಗಳೇ, ಫೋಟೋ ಕಳ್ಸಿ! ಸ್ಕ್ರೀನ್ ಮೇಲೆ ತೋರಿಸ್ದೇನೆ ಶಾಲು ಹಾಕೋಕಾಗಲ್ಲ!"

ಮೂರ್ತಿ ಕಾಫಿ ಲೋಟ ಅಲ್ಲೇ ಇಟ್ಟು ಒಳಗೆ ಓಡಿದ.

"ಗಾಳಿ ತಗೊಂಡು ಹೋಯ್ತು ಅಂತ ನಿಜಾನೇ ಹೇಳಿಬಿಡ್ಲಾ?" ಎಂದು ಹೆಂಡತಿಯನ್ನು ಕೇಳಿದ.

"ನಮ್ಮಮ್ಮನ ಕೊಡೆ ಕಳ್ಕೊಂಡಾಗಲೂ ಗಾಳೀನೇ ಅಂದಿದ್ರಿ," ಎಂದಳು ವೇದವತಿ. "ನಾನೇ ನಂಬಿಲ್ಲ, ಸಂಘದವರು ನಂಬ್ತಾರಾ?"

ಅಷ್ಟರಲ್ಲಿ ಎದುರುಮನೆಯ ಲಕ್ಷ್ಮೀಶ ಬಂದ. ಬಿಟ್ಟಿ ಸಲಹೆ ಕೊಡುವುದರಲ್ಲಿ ಅವನದು ಎತ್ತಿದ ಕೈ.

"ಮಧುಸೂದನ್ ಎಕ್ಸ್‌ಟೆನ್ಷನ್ ಅಂತ ಮನೆಗೆ ಇನ್ನೊಂದು ಕೋಣೆ ಕಟ್ಟಿಸ್ತಿದ್ದಾರಲ್ಲ, ಅಂಗಳದಲ್ಲಿ ಮರಳು ರಾಶಿ ಬಿದ್ದಿದೆ. ಮರಳು ಎಲ್ಲಾ ಕಡೇನೂ ಮರಳೇ. ನೀವು ನಿಜವಾಗ್ಲೂ ಹಾರಿಸಿದ್ದೀರಿ ತಾನೇ? ಇದು ಸುಳ್ಳಲ್ಲ ಸಾರ್, ಜ್ಞಾಪಕಾರ್ಥ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಮೂರ್ತಿ ಟೋಪಿ, ಕಪ್ಪು ಕನ್ನಡಕ ಏರಿಸಿ, ಲಕ್ಷ್ಮೀಶ ತಂದ ಬಾವುಟ ಹಿಡಿದು ರಾಶಿಯ ಮೇಲೆ ನಿಂತ. ಗಾಳಿಗೆಂದು ಲಕ್ಷ್ಮೀಶ ಎಲೆ ಊದುವ ಮಿಷನ್ ಹಚ್ಚಿದ. ಅರ್ಧ ರಾಶಿ ಮೂರ್ತಿಯ ಬಾಯಿಗೇ ಬಂತು. ಹಕ್ಕಿಗಳಿಗೆಂದು ಮಂಡಕ್ಕಿ ಎರಚಿದ. ಕೆಂಟನ್ನಿನ ಪಾರಿವಾಳಗಳೆಲ್ಲ ಬೀಗರೂಟಕ್ಕೆ ಬಂದ ಹಾಗೆ ಬಂದಿಳಿದವು. ವೇದವತಿ ಗೊಣಗುತ್ತಲೇ ಕ್ಲಿಕ್ಕಿಸಿದಳು.

ಸಂಜೆ ಹಾಲ್ ತುಂಬಿತ್ತು. ಅಧ್ಯಕ್ಷ ಉದಯಶಂಕರ್ ಶಾಲು ಬಿಡಿಸಿ ನಿಂತರು. ಸ್ಕ್ರೀನಿನ ಮೇಲೆ ಮೂರ್ತಿ ಗೋಡೆಯಷ್ಟೆತ್ತರ ಮೂಡಿದ. ಚಪ್ಪಾಳೆ ಬಿತ್ತು. ಮೂರ್ತಿ ತಲೆ ಸ್ವಲ್ಪ ಬಗ್ಗಿಸಿ ಪೇಟಕ್ಕೆ ಅನುಕೂಲ ಮಾಡಿಕೊಟ್ಟ.

"ಒಂದ್ನಿಮಿಷ," ಎಂದರು ಮಧುಸೂದನ್. "ಮೂಲೇಲಿರೋದು ನಮ್ಮನೆ ಕಸದ ಬಿನ್ನಲ್ವಾ? ನಂಬರ್ ಕಾಣ್ತಿದೆ ನೋಡಿ!"

ಹಾಲ್ ಬಿದ್ದು ಬಿದ್ದು ನಕ್ಕಿತು. "ಕೌನ್ಸಿಲ್‌ನೋರು ಕಸ ಎತ್ತೋಕೆ ನಮೀಬಿಯಾಕ್ಕೂ ಬರ್ತಾರಾ?" ಎಂದು ಯಾರೋ ಕೂಗಿದರು. ಲಕ್ಷ್ಮೀಶನ ನಗುವೇ ಎಲ್ಲರಿಗಿಂತ ಜೋರಾಗಿತ್ತು. ಉದಯಶಂಕರ್ ಶಾಲನ್ನು ಮಡಿಸಿ ಕಂಕುಳಿಗೆ ಸೇರಿಸಿದರು.

ಆಗ ಮುಂದಿನ ಸಾಲಿನಿಂದ ಅತಿಥಿ ಸಿರಿಶಾ ಎದ್ದಳು. ಹಕ್ಕಿಗಳ ಫೋಟೋ ತೆಗೆಯಲು ದೇಶ ದೇಶ ಸುತ್ತುವ ಹುಡುಗಿ.

"ನಗಬೇಡಿ, ಆ ಕೊಲ್ಲಿಯಿಂದ ನಾನು ಹೋದ ವಾರ ಬಂದೆ. ಇದನ್ನ ನೋಡಿ," ಎಂದು ತಾನು ತೆಗೆದ ಚಿತ್ರವನ್ನು ಸ್ಕ್ರೀನಿಗೆ ಹಾಕಿಸಿದಳು.

ಬೂದು ನೀರು, ಹಿಂದೆ ಮರಳಿನ ಗುಡ್ಡ, ನೂರಾರು ರಾಜಹಂಸಗಳು. ನಡುವೆ ಜೊಂಡಿನಲ್ಲಿ ಸಿಕ್ಕಿಕೊಂಡ ಒಂದು ಕೋಲು. ಕೋಲಿನ ತುದಿಯಲ್ಲಿ ಹಳದಿ ಕೆಂಪು ಬಾವುಟ, ಅಷ್ಟು ಗಾಳಿಯಲ್ಲೂ ಅಂಚು ಬಿಚ್ಚದೆ ಪಟಪಟ ಹಾರುತ್ತಿತ್ತು.

ಇಡೀ ಹಾಲ್ ಎದ್ದು ನಿಂತಿತು. ಮೂರ್ತಿಗೆ ಮೈ ಜುಮ್ಮೆಂದು ಕಣ್ಣು ತುಂಬಿ ಬಂತು.

"ಯಾವ ಪುಣ್ಯಾತ್ಮನೋ ಏನೋ!" ಎಂದರು ಉದಯಶಂಕರ್. "ಹೆಸರೂ ಹೇಳದೆ ಹೋಗಿದ್ದಾನೆ. ಇಂಥವನಿಗೆ ಹಾಕ್ಬೇಕು ಶಾಲು!"

"ಅದು ನಂದೇ!" ಮೂರ್ತಿ ಕುರ್ಚಿ ಬೀಳಿಸಿ ಎದ್ದ. "ನಾನೇ ನೆಟ್ಟಿದ್ದು!"

ಬಿನ್ ಕಂಡಾಗಲೂ ಜನ ಇಷ್ಟು ನಕ್ಕಿರಲಿಲ್ಲ. ಶಾಲು, ಪೇಟ, ಬುಟ್ಟಿ ಮೂರೂ ಸಿರಿಶಾಗೆ ಹೋದವು.

ವೇದವತಿ ಮಾತ್ರ ನಗಲಿಲ್ಲ. ಸ್ಕ್ರೀನನ್ನೇ ನೋಡುತ್ತ ಗಂಡನ ಕೈ ಹಿಡಿದು ಕೂರಿಸಿದಳು.

"ರೀ, ಆ ಅಂಚು ನೋಡಿ. ಕೆಂಪು ದಾರ ಮುಗಿದಿತ್ತು ಅಂತ ನಾನೇ ಹಸಿರು ದಾರದಲ್ಲಿ ಹೊಲಿದಿದ್ದು. ನೀವು ನಿಜವಾಗ್ಲೂ ಹಾರಿಸಿದ್ರಿ!" ಅವಳ ಮುಖ ಅರಳಿತ್ತು.

"ಹಾಗಿದ್ರೆ ಎದ್ದು ಹೇಳೇ ಮಾರಾಯ್ತಿ! ನೀನೇ ಸಾಕ್ಷಿ!"

"ಹೇಳ್ತೀನಿ. ಆದ್ರೆ ನಂಬ್ತಾರೇನ್ರೀ?" ಎಂದಳು ವೇದವತಿ. "ಆ ಬಿನ್ ಫೋಟೋ ತೆಗೆದವಳೂ ನಾನೇ ಅಲ್ವಾ."