ಡ್ಯೂಕನ ಒದ್ದೆ ಬೂಟು

ಬೂಟು ಹೊಲಿಯುವ ಮೇಸ್ತ್ರಿಯ ಮುತ್ತಜ್ಜ ಮಾಡಿಕೊಟ್ಟ ಜೋಡಿ ಮೆಟ್ಟಿಕೊಂಡು ಒಬ್ಬ ಸೇನಾಪತಿ ಯುದ್ಧಕ್ಕೆ ಹೋಗಿದ್ದ. ಕತ್ತಿ ಹೋಯಿತು, ಕುದುರೆ ಹೋಯಿತು, ಕೊನೆಗೆ ಸೇನಾಪತಿಯೂ ಹೋದ. ಬೂಟು ಮಾತ್ರ ಒಂದು ಹೊಲಿಗೆಯೂ ಬಿಡದೆ ರಣರಂಗದಲ್ಲಿ ನೆಟ್ಟಗೆ ನಿಂತಿತ್ತಂತೆ. ಅಜ್ಜ ಒಬ್ಬ ಪೈಲ್ವಾನನಿಗೆ ಹೊಲಿದುಕೊಟ್ಟ ಜೋಡಿಗಾಗಿ ಆ ಪೈಲ್ವಾನನ ಮಕ್ಕಳು ಮನೆಮಾರಿನ ಪಾಲನ್ನೆಲ್ಲ ಬಿಟ್ಟು ಕೋರ್ಟು ಹತ್ತಿದ್ದರು. ಅಪ್ಪನಂತೂ ಬೀದಿಯಲ್ಲಿ ನಡೆಯುವವರ ಸದ್ದು ಕೇಳಿ, ಯಾರ ಎಡಗಾಲಿನ ಹಿಮ್ಮಡಿ ಸವೆದಿದೆ ಎಂದು ಊಟಕ್ಕೆ ಕುಳಿತಲ್ಲಿಂದಲೇ ಕೂಗಿ ಹೇಳುತ್ತಿದ್ದ ಪುಣ್ಯಾತ್ಮ. ಇಂಥ ವಂಶದ ಕುಡಿಗೆ, ತನ್ನದೇ ಸೂರಿನಡಿ, ತನ್ನದೇ ಹೆಂಡತಿಯ ಲೇಖನಿಯಿಂದ ಒಂದು ಸುಳ್ಳು ಬೂಟು ಹುಟ್ಟಿದರೆ ಹೊಟ್ಟೆ ಉರಿಯದೆ ಇದ್ದೀತೆ?

ಹೆಂಡತಿ ವಾರಪತ್ರಿಕೆಯೊಂದಕ್ಕೆ ಪ್ರೇಮದ ಧಾರಾವಾಹಿ ಬರೆಯುತ್ತಿದ್ದಳು. ಕಥೆ ನಡೆಯುವುದು ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನಲ್ಲಿ, ರಾಜನಿಗೆ ಬುದ್ಧಿಭ್ರಮೆಯಾಗಿ ಮಗ ಆಳುತ್ತಿದ್ದ ರೀಜೆನ್ಸಿ ಕಾಲದಲ್ಲಿ. ಅಲ್ಲಿ ಡ್ಯೂಕರೆಂಬ ದೊಡ್ಡ ಧಣಿಗಳು ತಿರುಗಿದಲ್ಲೆಲ್ಲ ಸಿಗುತ್ತಿದ್ದರು. ಮೇಸ್ತ್ರಿ ಇಸ್ಕೂಲಿನ ಮೆಟ್ಟಿಲು ಹೆಚ್ಚು ತುಳಿದವನಲ್ಲ. ಆದರೆ ಹೆಂಡತಿ ಬರೆಯಲು ಶುರುಮಾಡಿದ ಮೇಲೆ ಗ್ರಂಥಾಲಯದ ಇತಿಹಾಸದ ಕಪಾಟನ್ನು ಗೆದ್ದಲಿಗಿಂತ ಶ್ರದ್ಧೆಯಿಂದ ತಿಂದು ಮುಗಿಸಿದ್ದ. ನಾಯಕಿ ಬೆಂಕಿಕಡ್ಡಿ ಗೀರಿದಳು ಎಂದು ಬರೆದರೆ, "ಆಗ ಬೆಂಕಿಕಡ್ಡಿ ಎಲ್ಲಿತ್ತು?" ಎಂದು ತಗಾದೆ. ಪಾಪ, ನಾಯಕಿ ಚಕಮಕಿ ಕಲ್ಲು ಉಜ್ಜುತ್ತ ಕುಳಿತಳು, ಚುಂಬಿಸಲು ಬಂದ ಪ್ರಿಯಕರ ಅರ್ಧ ಪುಟ ಕತ್ತಲಲ್ಲಿ ಆಕಳಿಸಬೇಕಾಯಿತು.

ಈ ಸಲದ್ದು ಕೊನೆಯ ಅಧ್ಯಾಯ. ಸಂಜೆಗೆ ಸಂಪಾದಕಿಯೇ ಮನೆಗೆ ಬಂದು ಒಯ್ಯುವವಳಿದ್ದಳು. ಡ್ಯೂಕ ಇಡೀ ದಿನ ಮಳೆಯಲ್ಲಿ ಕುದುರೆ ಓಡಿಸಿ ಬರುತ್ತಾನೆ, ಬೆಂಕಿಯ ಮುಂದೆ ಕೂರುತ್ತಾನೆ, ಮೊಣಕಾಲುದ್ದದ ಬೂಟನ್ನು ಒಂದೇ ಏಟಿಗೆ ಕಿತ್ತೆಸೆದು, ಬರಿಗಾಲಲ್ಲಿ ನಾಯಕಿಯ ಮುಂದೆ ಮಂಡಿಯೂರುತ್ತಾನೆ.

"ಬರಲ್ಲ," ಎಂದ ಮೇಸ್ತ್ರಿ.

"ಏನು ಬರಲ್ಲ?"

"ಬೂಟು. ಆ ಕಾಲದ ಬೂಟು ಕಾಲಿಗೆ ಚರ್ಮದ ಮೇಲೆ ಚರ್ಮ ಹಾಕಿದಂಗೆ. ನೆಂದರೆ ಡ್ಯೂಕನಲ್ಲ, ಅವರಪ್ಪ ಎಳೆದರೂ ಬರಲ್ಲ. ಆಳು ಬೇಕು."

"ರೀ, ಓದೋರು ಬೂಟು ನೋಡಲ್ಲ, ಮನಸ್ಸು ನೋಡ್ತಾರೆ. ಪ್ರೀತಿಯ ಆವೇಶದಲ್ಲಿ ಬರುತ್ತೆ."

"ಪ್ರೀತಿಗೂ ಹಿಮ್ಮಡಿಗೂ ಸಂಬಂಧ ಇಲ್ಲ ಕಣೇ."

"ನೀವು ಹಿಡಿದ ಮೊಲಕ್ಕೆ ಮೂರೇ ಕಾಲು."

ಪಂಥ ಬಿತ್ತು. ಬೂಟು ಬಾರದಿದ್ದರೆ ಆಕೆ ಅಧ್ಯಾಯ ತಿದ್ದಬೇಕು. ಬಂದರೆ ಮೇಸ್ತ್ರಿ ಜನ್ಮದಲ್ಲಿ ಇನ್ನು ಆಕೆಯ ಕಥೆಯ ಬಗ್ಗೆ ತುಟಿ ಬಿಚ್ಚಬಾರದು. ಆ ಎರಡನೆಯ ಮಾತೇ ಮೇಸ್ತ್ರಿಗೆ ಕಷ್ಟದ್ದು. ಊಟ ಬಿಟ್ಟಾನು, ತಪ್ಪು ಹುಡುಕುವುದನ್ನು ಬಿಟ್ಟು ಬದುಕಿಯಾನೆ?

ಹಳೆಯ ಚಿತ್ರ ನೋಡಿ ತನ್ನ ಕಾಲಳತೆಗೇ ಹೊಲಿದಿಟ್ಟಿದ್ದ ಜೋಡಿಯೊಂದು ಅವನ ಬಳಿ ಸಿದ್ಧವಿತ್ತು. ಕನ್ನಡಿಯಂಥ ಹೊಳಪು, ಕೂದಲೆಳೆಯಂಥ ಹೊಲಿಗೆ. ಅದನ್ನು ಮೆಟ್ಟಿದ. ಮಳೆ ಬೇಕಲ್ಲ? ಬಚ್ಚಲಿನ ಷವರ್ ಬಿಟ್ಟುಕೊಂಡು ಕೆಳಗೆ ನಿಂತ. ಕುದುರೆ ಬೇಕಲ್ಲ? ಸೋಫಾದ ತೋಳಿನ ಮೇಲೆ ಕುಳಿತು, ತೊಟ್ಟಿಕ್ಕುತ್ತ, ಬೆವರು ಬರುವ ತನಕ ಕುಪ್ಪಳಿಸಿದ. ಅಗ್ಗಿಷ್ಟಿಕೆ ಬೇಕಲ್ಲ? ಅಡುಗೆಮನೆಯ ಒಲೆಗೆ ಕಾಲು ಚಾಚಿ ಕುಳಿತ. ನೆಂದ ಚರ್ಮವನ್ನು ಬೆಂಕಿಗೆ ಹಿಡಿದರೆ ಬಿಗಿಯುತ್ತದೆಂದು ಆ ವಂಶದಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದರೆ ಡ್ಯೂಕ ಕುಳಿತಿದ್ದನಲ್ಲ! ಇತಿಹಾಸಕ್ಕೆ ಬೂಟಿನ ಒಂದು ಎಳೆಯಷ್ಟೂ ಚ್ಯುತಿ ಬರಬಾರದು.

ನಂತರ ಎಳೆದ. ಬರಲಿಲ್ಲ. ಹಲ್ಲು ಕಚ್ಚಿ ಎಳೆದ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ನೋಡಿದ್ಯಾ?" ಎಂದ, ಕೋಟೆ ಗೆದ್ದವನ ಹಾಗೆ.

"ಒಪ್ಕೊಂಡೆ. ನೀವೇ ಗೆದ್ರಿ. ಈಗ ತೆಗೀರಿ."

"ಬರಲ್ಲ ಅಂದ್ನಲ್ಲೇ."

ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಇರುವುದು ಕೋರ್ಟಿಗೆ ಹೋದವರಿಗೆ ಮಾತ್ರವಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

ಎಣ್ಣೆ ಸುರಿದರು. ಎಣ್ಣೆ ಬೂಟಿನೊಳಗೆ ಇಳಿಯದೆ ನೆಲಕ್ಕೆ ಇಳಿದು, ಮೇಸ್ತ್ರಿ ನಡುಮನೆಯ ತನಕ ಜಾರಿಕೊಂಡು ಹೋದ. ಪಕ್ಕದ ಬೀದಿಯಲ್ಲಿದ್ದ ಭಾಮೈದನನ್ನು ಕರೆಸಿದರು. ಅವನು ಅಗ್ನಿಶಾಮಕ ದಳದವನು. ಎಲ್ಲ ಸಮಸ್ಯೆಗೂ ಅವನ ಹತ್ತಿರ ನೀರು ಹಾಕುವುದೊಂದೇ ಪರಿಹಾರ.

"ನೀರೇ ಹಾಕಿ ಹಿಂಗಾಗಿದ್ದು ಕಣಯ್ಯ," ಎಂದ ಮೇಸ್ತ್ರಿ.

"ಹಂಗಾದ್ರೆ ಕತ್ತರಿಸೋಣ ಭಾವ."

"ನನ್ನ ಕಾಲು ಕತ್ತರಿಸು, ಬೂಟು ಮುಟ್ಟಬೇಡ."

ಭಾಮೈದ ಎರಡೂ ಕೈಯಲ್ಲಿ ಬೂಟು ಹಿಡಿದು ಜಗ್ಗಿದ. ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನೇತಾಡಿದ. ಅವನ ಸೊಂಟ ಹಿಡಿದು ಹೆಂಡತಿ ಆಚೆಗೆ ಎಳೆದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಮೇಸ್ತ್ರಿ ಒಂದು ಗೇಣು ಉದ್ದವಾದನೇ ಹೊರತು ಬೂಟು ಕದಲಲಿಲ್ಲ. ಸಂಪಾದಕಿ ಒಳಗೆ ಬಂದದ್ದು ಅಂಥ ಹೊತ್ತಿನಲ್ಲಿ.

"ಅಧ್ಯಾಯ ಎಲ್ಲಿ?" ಎಂದಳು ಹೊಸ್ತಿಲಲ್ಲೇ ನಿಂತು.

"ಇವರ ಕಾಲಲ್ಲಿ ಸಿಕ್ಕಿಕೊಂಡಿದೆ," ಎಂದಳು ಹೆಂಡತಿ.

ಸಂಗತಿ ಎಲ್ಲ ಕೇಳಿ ಸಂಪಾದಕಿ ಕುರ್ಚಿಯಲ್ಲಿ ಕುಳಿತಳು. "ಹೊತ್ತಿಲ್ಲಮ್ಮ. ಇವತ್ತು ಅಚ್ಚಿಗೆ ಹೋಗಬೇಕು. ಆ ಕಾಲದ ಆಳುಗಳು ಹೇಗೆ ತೆಗೀತಿದ್ರಂತೆ?"

ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. "ಆಳು ಬೆನ್ನು ತಿರುಗಿಸಿ ನಿಲ್ಲೋದು. ಧಣಿಯ ಕಾಲನ್ನ ತನ್ನ ಎರಡು ಮಂಡಿ ಮಧ್ಯೆ ಹಿಡಿಯೋದು. ಧಣಿ ಇನ್ನೊಂದು ಕಾಲನ್ನ ಆಳಿನ ಹಿಂಭಾಗಕ್ಕೆ ಕೊಟ್ಟು ಒದೆಯೋದು."

"ನನ್ನ ಡ್ಯೂಕ ಪ್ರೇಮ ನಿವೇದನೆ ಮಾಡೋ ಹೊತ್ತಲ್ಲಿ ಇದು ನಡೀಬೇಕಾ?" ಎಂದಳು ಹೆಂಡತಿ.

"ಇತಿಹಾಸ ನಿನ್ನ ಮುಲಾಜಿಗೆ ನಡೆಯಲ್ಲ."

ಹೆಂಡತಿ ಒಂದು ಕ್ಷಣ ಗಂಡನನ್ನು ನೋಡಿದಳು. ಆಮೇಲೆ ಬೆನ್ನು ತಿರುಗಿಸಿ, ಅವನ ಎಡಗಾಲನ್ನು ಮಂಡಿಗಳ ನಡುವೆ ಸಿಕ್ಕಿಸಿಕೊಂಡು, "ಒದೀರಿ," ಎಂದಳು.

ಮೇಸ್ತ್ರಿ ತಡವರಿಸಿದ. ಮದುವೆಯಾದಾಗಿನಿಂದ ಅವಳಿಗೆ ಒಂದು ಏಟೂ ಹಾಕಿದವನಲ್ಲ. ಮುಖ ಮೆಣಸಿನಕಾಯಿಯಂತೆ ಕೆಂಪಾಗಿ, ಕಿವಿಯವರೆಗೂ ಬಿಸಿಯಾಯಿತು. "ಹೆಂಗೇ ಒದೆಯೋದು, ಇಷ್ಟು ಜನರ ಮುಂದೆ?"

"ಮೆತ್ತಗೆ ಒದೀರಿ, ಸಾಕು."

ಒದ್ದ. ಬೂಟು ಬುಡುಕ್ ಎಂದು ಬಿಟ್ಟುಕೊಂಡು, ಅದರ ಸಮೇತ ಹೆಂಡತಿ ಭಾಮೈದನ ಮೇಲೆ, ಭಾಮೈದ ಸೋಫಾದ ಮೇಲೆ ಬಿದ್ದರು. ಬಿದ್ದಲ್ಲೇ ಹೆಂಡತಿ ನಗತೊಡಗಿದಳು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು ತಟ್ಟನೆ ಎದ್ದು ಕುಳಿತಳು.

"ಸಿಕ್ತು. ಆಳು ಊರಲ್ಲಿಲ್ಲ. ನಾಯಕಿಯೇ ಎಳೀತಾಳೆ. ಡ್ಯೂಕನಿಗೆ ಒದೆಯೋಕೆ ನಾಚಿಕೆ, ಮುಖ ಹಿಂಗೇ ಕೆಂಪಗೆ. ಅಷ್ಟು ದೊಡ್ಡ ಮನುಷ್ಯ ಇಷ್ಟು ಪೆದ್ದನಾ ಅಂತ ಅವಳಿಗೆ ಅಲ್ಲೇ ಪ್ರೀತಿ ಹುಟ್ಟುತ್ತೆ."

"ಬರೀರಿ, ಬರೀರಿ," ಎಂದಳು ಸಂಪಾದಕಿ. "ಮಂಡಿಯೂರಿ ಬೇಡೋ ಡ್ಯೂಕರನ್ನ ಓದಿ ಓದಿ ಸಾಕಾಗಿತ್ತು."

ಹೆಂಡತಿ ಮೇಜಿನ ಮುಂದೆ ಕುಳಿತಾಗಿತ್ತು. ಒಂದು ಸಾಲು ಬರೆಯುವುದು, ತಲೆಯೆತ್ತಿ ಗಂಡನ ಮುಖ ನೋಡುವುದು, ಮತ್ತೆ ಬರೆಯುವುದು. ಭಾಮೈದ ಸೊಂಟ ಹಿಡಿದುಕೊಂಡು ಮನೆಗೆ ಹೋದ. ಮೇಸ್ತ್ರಿ ಒಂದು ಕಾಲು ಬರಿದಾಗಿ, ಇನ್ನೊಂದು ಕಾಲು ಬೂಟಿನೊಳಗೆ ಒಲೆಗಿಟ್ಟ ಬದನೆಕಾಯಿಯಂತೆ ಬೇಯುತ್ತ, ನೆಲದ ಮೇಲೆ ಕುಳಿತೇ ಇದ್ದ. ಇತಿಹಾಸ ಗೆದ್ದಿತ್ತು, ಕಥೆಯೂ ಗೆದ್ದಿತ್ತು. ನಡುವೆ ಪೆದ್ದನಾಗಿ ಅಚ್ಚಾಗಲು ಹೊರಟವನು ಮಾತ್ರ ಅವನು.

ಸಂಪಾದಕಿಗೆ ಕನಿಕರ ಉಕ್ಕಿತು. ತೋಳೇರಿಸಿಕೊಂಡು ಹತ್ತಿರ ಬಂದಳು. "ಇನ್ನೊಂದನ್ನ ನಾನು ಎಳೀಲಾ ಮೇಸ್ತ್ರಿಗಳೇ? ತುಂಬ ನೋಯ್ತಿದೆ ಅಂತ ಕಾಣುತ್ತೆ."

"ಬೇಡಿ ತಾಯಿ, ಮುಟ್ಟಬೇಡಿ," ಎಂದ ಮೇಸ್ತ್ರಿ ಹಲ್ಲು ಕಚ್ಚಿಕೊಂಡು. "ಅವಳು ನನ್ನ ಮುಖ ನೋಡ್ಕೊಂಡು ಡ್ಯೂಕನನ್ನ ಬರೀತಿದಾಳೆ. ನೀವು ಬೂಟು ಎಳೆದ್ರೆ ನನಗೆ ಹಾಯ್ ಅನ್ಸುತ್ತೆ. ನನಗೆ ಹಾಯ್ ಅನ್ಸಿದ್ರೆ ಅವನ ಮುಖ ತಪ್ಪಾಗುತ್ತೆ. ಹೋಗಿ ಕೂತ್ಕೊಳ್ಳಿ."