ಬಿಟ್ಟಿ ಸಾಫ್ಟ್‌ವೇರಿಗೆ ಗಿರಾಕಿ ಇಲ್ಲ

ಕೊಳ್ಳೇಗಾಲದಲ್ಲಿ ಕೂತು 'ಓಪನ್ ಸೋರ್ಸ್' ಅಂತ ಬಾಯಿ ಬಿಟ್ಟವನಿಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನು ಪ್ರೋಗ್ರಾಮರ್. ಸುತ್ತಮುತ್ತಲ ಅಂಗಡಿ, ಮಿಲ್ಲು, ಸೊಸೈಟಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕಸುಬು. ಜೊತೆಗೊಂದು ಹುಚ್ಚಿದೆ. ಯಾರ ಕಂಪ್ಯೂಟರ್ ಕಂಡರೂ ಅದರಲ್ಲಿರುವ ಕದ್ದ ವಿಂಡೋಸ್ ತೆಗೆದು, ಎಲ್ಲರಿಗೂ ಮುಕ್ತವಾಗಿ ಸಿಗುವ ಲಿನಕ್ಸ್ ಹಾಕಬೇಕು ಅನ್ನಿಸುತ್ತದೆ. ಈ ಹುಚ್ಚಿನಿಂದ ಹನೂರು, ಯಳಂದೂರು ಕಡೆಯ ಜನಕ್ಕೆ ಎಷ್ಟು ಉಪಕಾರವಾಯಿತೋ ಗೊತ್ತಿಲ್ಲ. ನಗುವುದಕ್ಕಂತೂ ಒಂದಿಷ್ಟು ಸಿಕ್ಕಿದೆ.

ಸೆರಗಿನ ತೂತು

ನಮ್ಮ ಬೀದಿಯ ರೇಷ್ಮೆ ಸೀರೆ ಅಂಗಡಿ ಯಜಮಾನರ ಕಂಪ್ಯೂಟರ್‌ಗೆ ವೈರಸ್ ಹೊಕ್ಕಿತ್ತು. ಒಂದು ಬಿಲ್ಲು ತೆಗೆಯುವಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಯಲ್ಲಿ ಸೀರೆ ಕೊಂಡು ಮನೆಗೆ ಹೋಗಿರುತ್ತಿದ್ದ. ನಾನು ನೋಡಿ, "ಇದನ್ನ ತೆಗೆದು ಲಿನಕ್ಸ್ ಹಾಕೋಣ" ಅಂದೆ.

"ಎಷ್ಟಾಯ್ತದೆ?"

"ಏನೂ ಆಗಲ್ಲ. ಬಿಟ್ಟಿ."

ಮಡಿಸುತ್ತಿದ್ದ ಸೀರೆಯನ್ನು ಅವರು ಕೆಳಗಿಟ್ಟರು. "ಯಾಕ್ ಬಿಟ್ಟಿ?"

ಪ್ರಪಂಚದ ಎಲ್ಲ ಕಡೆಯ ಜನ ಸೇರಿ ಬರೆದು, ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿದ್ದಾರೆ ಅಂತ ವಿವರಿಸಿದೆ.

"ಅವ್ರಿಗೇನ್ ಸಿಕ್ತು?"

"ಖುಷಿ."

ಯಜಮಾನರು ನನ್ನನ್ನು ಕರುಣೆಯಿಂದ ನೋಡಿದರು. "ನೋಡಿ ಸಾ, ನಾನು ಯಾಪಾರ ಮಾಡೋನು. ಯಾವನಾದ್ರೂ ಬಂದು ಈ ರೇಷ್ಮೆ ಸೀರೆ ಬಿಟ್ಟಿ ತಕಳಿ ಅಂದ್ರೆ, ನಾನು ಮೊದ್ಲು ಸೆರಗಲ್ಲಿ ತೂತು ಎಲ್ಲದೆ ಅಂತ ನೋಡ್ತೀನಿ. ಈಗಿರೋ ವಿಂಡೋಸ್ ಹಂಗಲ್ಲ, ದುಡ್ಡು ಕೊಟ್ಟು ಹಾಕ್ಸಿದ್ದು. ಒರಿಜಿನಲ್ಲು."

ಒರಿಜಿನಲ್ ಹಾಕಿದವನು ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯವನು. ಒಂದೇ ಸಿ.ಡಿ.ಯಿಂದ ಇಡೀ ಊರಿಗೆ ಒರಿಜಿನಲ್ ಹಂಚಿದವನು. ಇಂಥ ನಕಲಿ ವಿಂಡೋಸ್ ಪರದೆಯ ಬಲಮೂಲೆಯಲ್ಲಿ, 'ಇದು ಅಸಲಿಯಲ್ಲ, ಅಸಲಿ ಮಾಡಿಕೊಳ್ಳಿ' ಎಂಬರ್ಥದ ಇಂಗ್ಲಿಷ್ ಬರಹ ಸದಾ ತೇಲುತ್ತಿರುತ್ತದೆ. ಅದನ್ನು ತೋರಿಸಿ ಅವರ ಬಾಯಿ ಮುಚ್ಚಿಸೋಣ ಅಂತ ಮೂಲೆಗೆ ಬೆರಳಿಟ್ಟೆ. ಅಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ ಸ್ಟಿಕರ್ ಇತ್ತು.

"ಇದರ ಕೆಳಗೆ ಏನೋ ಇಂಗ್ಲಿಷ್‌ನಲ್ಲಿ ಬರ್ದಿರಬೇಕಲ್ಲ?" ಅಂದೆ.

"ಊ ಸಾ, ಯಾವಾಗ್ಲೂ ಬತ್ತಾನೇ ಇತ್ತು. ಏನ್ ಮಾಡುದ್ರೂ ಓಗ್ನಿಲ್ಲ. ಕೊನೆಗೆ ಮಾದಪ್ಪನ್ನ ಅಂಟಿಸ್ದೆ. ಆವತ್ತಿಂದ ತೊಂದ್ರೆ ಇಲ್ಲ."

ನಾಲ್ವರ ಬಳಗ

ಗಿರಾಕಿಗಳನ್ನಷ್ಟೇ ಗೇಲಿ ಮಾಡಿದರೆ ನ್ಯಾಯವಲ್ಲ. ಓಪನ್ ಸೋರ್ಸ್ ಭಕ್ತರಾದ ನಮ್ಮ ಕತೆಯನ್ನೂ ಹೇಳಬೇಕು.

ಕೊಳ್ಳೇಗಾಲದಲ್ಲಿ ಲಿನಕ್ಸ್ ಬಳಸುವವರು ನಾವು ನಾಲ್ಕು ಜನ. ನಾನು, ಒಬ್ಬ ಕಾಲೇಜು ಲೆಕ್ಚರರ್, ಒಬ್ಬ ಬ್ಯಾಂಕ್ ನೌಕರ, ಒಬ್ಬ ಮೊಬೈಲ್ ರಿಪೇರಿಯವನು. ನಾಲ್ವರೂ ಸೇರಿ ಬಳಗ ಕಟ್ಟಿದೆವು. ಭಾನುವಾರ ಬೆಳಿಗ್ಗೆ ಒಂದು ಹೋಟೆಲಿನ ಮೂಲೆ ಮೇಜಿನಲ್ಲಿ ಸಭೆ. ಮೊದಲ ಸಭೆಯಲ್ಲಿ, ತಾಲ್ಲೂಕಿನ ಪ್ರತಿ ಅಂಗಡಿಯ ಕಂಪ್ಯೂಟರನ್ನೂ ಬದಲಾಯಿಸುವುದು ಅಂತ ಒಮ್ಮತದ ತೀರ್ಮಾನವಾಯಿತು. ಒಮ್ಮತ ಅನ್ನುವುದು ಅದೇ ಕೊನೆ.

ಎರಡನೇ ಸಭೆಯಲ್ಲಿ, ಯಾವ ಲಿನಕ್ಸ್ ಹಾಕುವುದು ಅನ್ನುವ ಪ್ರಶ್ನೆ ಎದ್ದಿತು. ಲಿನಕ್ಸ್ ಒಂದೇ ಅಲ್ಲ, ನೂರಾರು ಬಗೆ ಇದೆ. ಲೆಕ್ಚರರು, "ಎಲ್ಲವನ್ನೂ ನಾವೇ ಕೈಯಾರೆ ಕಟ್ಟಿಕೊಳ್ಳುವಂಥದ್ದು ಬೇಕು, ಸುಲಭದ್ದು ಬಳಸುವವರು ಸೋಮಾರಿಗಳು" ಅಂದರು. ಬ್ಯಾಂಕಿನವರು, "ಜನಕ್ಕೆ ಸುಲಭವಾಗಿರಬೇಕು, ನಿಮ್ಮದು ನಿಮ್ಮ ಹೆಂಡ್ತಿಗೇ ಬರಲ್ಲ" ಅಂದರು. ಮೊಬೈಲಿನವನದು ಕಡುಮಡಿ. ಕಂಪನಿಗಳು ಗುಟ್ಟಾಗಿಟ್ಟಿರುವ ಒಂದು ಸಾಲು ಕೋಡೂ ತನ್ನ ಯಂತ್ರದೊಳಗೆ ಬರಕೂಡದು ಅಂತ ಅವನ ಹಟ. ಹಾಗಾಗಿ ಅವನ ಲ್ಯಾಪ್‌ಟಾಪಿನಲ್ಲಿ ವೈಫೈ ಕೆಲಸ ಮಾಡುತ್ತಿರಲಿಲ್ಲ, ಸದ್ದು ಬರುತ್ತಿರಲಿಲ್ಲ, ಕೆಲವು ದಿನ ಪರದೆಯೂ ಬೆಳಗುತ್ತಿರಲಿಲ್ಲ. ಆದರೆ ಸ್ವಾತಂತ್ರ್ಯವಿತ್ತು.

ಮೂರನೇ ಸಭೆಯಲ್ಲಿ, ಪರದೆಯ ಮೇಲಿನ ಮುಚ್ಚುವ ಗುಂಡಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಅಂತ ಶುರುವಾದ ಮಾತು ಲೆಕ್ಚರರ ವಿದ್ಯಾರ್ಹತೆಯವರೆಗೆ ಹೋಯಿತು. ನಾನು ಲೆಕ್ಚರರಿಗೂ ಬ್ಯಾಂಕಿನವರಿಗೂ ಸಮಾಧಾನ ಹೇಳಲು ಹೋಗಿ ಮೂರನೇ ಪಂಗಡದವನಾದೆ. ಬಳಗ ಒಡೆಯಿತು. ಲೆಕ್ಚರರು ಒಂದು ವಾಟ್ಸಾಪ್ ಗುಂಪು ಮಾಡಿದರು, ಬ್ಯಾಂಕಿನವರು ಒಂದು, ನಾನೊಂದು. ವಾಟ್ಸಾಪ್ ಗುಪ್ತ ಕೋಡಿನದ್ದು ಅಂತ ಮೊಬೈಲಿನವನು ಯಾವುದಕ್ಕೂ ಸೇರಲಿಲ್ಲ.

ಇಷ್ಟನ್ನೂ ಕೇಳಿಸಿಕೊಳ್ಳುತ್ತಿದ್ದ ಹೋಟೆಲಿನವರು ಲೋಟ ಎತ್ತಲು ಬಂದು, "ಸಾ, ನಿಮ್ದು ಯಾವ ಪಾರ್ಟಿ?" ಅಂತ ಕೇಳಿದರು.

"ಪಾರ್ಟಿ ಅಲ್ಲ, ಕಂಪ್ಯೂಟರ್ ವಿಷಯ."

"ಇದುನ್ನ ನಮ್ಮೂರಲ್ಲಿ ಎಷ್ಟ್ ಜನ ಬಳಸ್ತರೆ?"

"ನಾವು ನಾಲ್ಕೇ ಜನ."

"ಈಗ ಎಷ್ಟ್ ಗುಂಪಾಯ್ತು?"

"ಮೂರು."

ಅವರು ಮೇಜು ಒರೆಸುತ್ತ, "ಅಂಗಾರೆ ಇನ್ನೊಂದುಕ್ಕೆ ಜಾಗ ಅದೆ" ಅಂದರು.

ಕಿಟಕಿ

ಹನೂರು ತಾಲ್ಲೂಕಿನ ಬಂಡಳ್ಳಿ ಕಡೆಯ ಒಂದು ಹಾಲಿನ ಸೊಸೈಟಿಯ ಸೆಕ್ರೆಟರಿ ಒಳ್ಳೆಯ ಮನುಷ್ಯ. ನನ್ನ ಮಾತಿಗೆ ಮರುಳಾಗಿ ಲಿನಕ್ಸ್ ಹಾಕಿಸಿಕೊಂಡ ಮೊದಲಿಗ. ಇಂಗ್ಲಿಷ್ ತೊಡಕು ಬೇಡವೆಂದು ಅವರಿಗೆ ಎಲ್ಲವನ್ನೂ ಕನ್ನಡದಲ್ಲೇ ಕಾಣುವ ಹಾಗೆ ಮಾಡಿಕೊಟ್ಟಿದ್ದೆ. ಈ ಕನ್ನಡವನ್ನು ಯಾರೋ ಪುಣ್ಯಾತ್ಮರು ಬಿಟ್ಟಿಯಾಗಿ ಅನುವಾದ ಮಾಡಿರುತ್ತಾರೆ. ಅವರೆಲ್ಲ ಯಾವ ಊರಿನವರೋ ಕಾಣೆ, ಅವರ ಮನೆಯಲ್ಲಿ ಜನ ಶಾಸನದ ಭಾಷೆಯಲ್ಲಿ ಮಾತಾಡುತ್ತಾರೆ ಅಂತ ಕಾಣುತ್ತದೆ.

ಒಂದು ದಿನ ಬೆಳಿಗ್ಗೆ, ಹಾಲು ಅಳೆಯುವ ಹೊತ್ತಿನಲ್ಲಿ ಸೆಕ್ರೆಟರಿಯ ಫೋನ್ ಬಂತು.

"ಸಾ, ಕಂಪ್ಯೂಟರ್ ನಿಂತೋಗದೆ. ಅದು ಹೇಳ್ದಂಗೆ ಮಾಡ್ತಾನೇ ಇವ್ನಿ, ಆಯ್ತಾ ಇಲ್ಲ. ಆಚಾರಿ ಕರುಸ್ಲಾ?"

"ಬಡಗಿ ಯಾಕೆ?"

"ಕಿಟಕಿ ಕೊಂಡಿ ತುಕ್ಕಿಡ್ದು ಕೂತದೆ ಸಾ. ಮುಚ್ಚಕ್ಕೆ ಬತ್ತಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಪರದೆಯ ಮೇಲೆ ಏನು ಬರೆದಿದೆ ಓದಿ ಅಂದೆ. ಅವರು ಶಾಲೆಯ ಹುಡುಗನ ಹಾಗೆ ಒಂದೊಂದೇ ಪದ ಓದಿದರು: "ಮುಂದುವರಿಯುವ ಮೊದಲು ಎಲ್ಲಾ ಕಿಟಕಿಗಳನ್ನು ಮುಚ್ಚಿರಿ."

ಹಿಂದಿನಿಂದ ಯಾರೋ ದಬದಬ ಬಡಿಯುವ ಸದ್ದು ಕೇಳುತ್ತಿತ್ತು. ಹಾಲು ತಂದವರಲ್ಲಿ ಗಟ್ಟಿಗರಿಬ್ಬರು ಕಲ್ಲು ತೆಗೆದುಕೊಂಡು ಕೊಂಡಿ ಬಡಿಯುತ್ತಿದ್ದರಂತೆ. ಉಳಿದ ಕಿಟಕಿಗಳೆಲ್ಲ ಆಗಲೇ ಮುಚ್ಚಿದ್ದವು. ಎಮ್ಮೆ ಹಾಲು, ಹಸುವಿನ ಹಾಲು ಯಾವುದು ಅಂತ ಕಾಣದಷ್ಟು ಕತ್ತಲೆಯಲ್ಲಿ ಊರಿನ ಜನ ಕ್ಯಾನು ಹಿಡಿದು ಕಾಯುತ್ತಿದ್ದರು.

ಬಡಿಯುವುದನ್ನು ಮೊದಲು ನಿಲ್ಲಿಸಿ ಅಂತ ಹೇಳಿ, ಕಿಟಕಿ ಅಂದರೆ ಗೋಡೆಯದ್ದಲ್ಲ, ಪರದೆಯ ಮೇಲೆ ತೆರೆದುಕೊಂಡಿರುವ ಚೌಕಗಳು, ಇಂಗ್ಲಿಷ್‌ನಲ್ಲಿ ಅದಕ್ಕೇ ವಿಂಡೋ ಅನ್ನುವುದು ಅಂತ ತಿಳಿಸಿದೆ. ಅವರು ಬೇಜಾರಿನ ದನಿಯಲ್ಲಿ ಹೇಳಿದರು:

"ಅಲ್ಲ ಸಾ, ವಿಂಡೋಸ್ ಕೆಟ್ಟದ್ದು, ತಗುದು ಬೇರೆದಾಕ್ತೀನಿ ಅಂದ್ರಲ್ಲ. ಇದ್ರಲ್ಲೂ ಬರೀ ಕಿಟಕೀನೇ ತುಂಬಿದ್ದೀರಿ."

ಸುಳ್ಳು ಕನ್ನಡ

ಯಳಂದೂರಿನಲ್ಲಿ ಒಬ್ಬರು ಅಕ್ಕ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಆಹ್ವಾನ ಪತ್ರಿಕೆ, ಕರಪತ್ರವೆಲ್ಲ ಅಲ್ಲೇ ಮುದ್ರಣ. ಅವರ ಹೊಸ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ನಾನು ಬೀಗುತ್ತ ಕೂತಿದ್ದಾಗ, ಹಣೆ ತುಂಬ ವಿಭೂತಿ ಬಳಿದುಕೊಂಡ ಹಿರಿಯರೊಬ್ಬರು ಪೆನ್‌ಡ್ರೈವ್ ಹಿಡಿದು ಬಂದರು. ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶದ ಪತ್ರಿಕೆ ಅದರಲ್ಲಿದೆ. ಅಕ್ಕ ತೆರೆದರು. 'ಶ್ರೀ' ಇರಬೇಕಾದ ಜಾಗದಲ್ಲಿ ಒಂದು ಪುಟಾಣಿ ಎರಡರ ಅಂಕಿ, ಅದರ ಪಕ್ಕ ಒಂದಕ್ಕೊಂದು ಅಂಟಿಕೊಂಡ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ತಲೆಯ ಮೇಲೆ ಟೋಪಿ ಹಾಕಿಕೊಂಡ ಇನ್ನೊಂದಕ್ಷರ. ಇಡೀ ಪತ್ರಿಕೆ ಹೀಗೇ.

ಹಿರಿಯರು ಕನ್ನಡಕ ಸರಿಮಾಡಿಕೊಂಡು ನೋಡಿ, "ಇದು ಯಾವ ಭಾಷೆ?" ಅಂದರು.

ನನಗೆ ಬೇಕಾಗಿದ್ದೂ ಅದೇ. ಹಳೇ ಫಾಂಟುಗಳ ಮೋಸದ ಬಗ್ಗೆ ಭಾಷಣ ಶುರುಮಾಡಿದೆ. ಅವುಗಳಲ್ಲಿ ಟೈಪ್ ಮಾಡಿದ್ದು ಒಳಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ವೇಷ ಹಾಕಿರುತ್ತಾರೆ, ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿಬೀಳುತ್ತದೆ, ಕಚೇರಿಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟಿರುವುದೆಲ್ಲ ಇಂಥ ವೇಷದ ಕನ್ನಡವೇ, ನಾಡು ನುಡಿ ಅಂತ ಭಾಷಣ ಮಾಡುವವರ ಭಾಷಣ ಕೂಡ ಅದರಲ್ಲೇ ಟೈಪಾಗಿರುತ್ತದೆ ಅಂತೆಲ್ಲ ಹೇಳಿದೆ. ಹಿರಿಯರು ಗಮನವಿಟ್ಟು ಕೇಳಿದರು.

"ಅಂದ್ರೆ ಇಷ್ಟ್ ದಿನ ನಾವು ಓದ್ತಿದ್ದದ್ದು ಕನ್ನಡ ಅಲ್ವಾ?"

"ಮೇಲೆ ಕನ್ನಡ. ಒಳಗೆ ಸುಳ್ಳು."

"ಈಗ ಇಲ್ಲಿ ಕಾಣ್ತಾ ಇರೋದು?"

"ಇದು ಒಳಗಿನ ನಿಜ."

"ನಿಜ. ಓದಕ್ಕಾಗಲ್ಲ ಅಷ್ಟೇಯ."

"ಹೌದು."

ಅವರು ನನ್ನನ್ನು ಬಿಟ್ಟು ಅಕ್ಕನ ಕಡೆ ತಿರುಗಿದರು. "ತಾಯಿ, ನನಗೆ ಆ ಸುಳ್ಳಲ್ಲೇ ಪ್ರಿಂಟ್ ಆಕ್ಕೊಡವ್ವ. ಗೃಹಪ್ರವೇಶಕ್ಕೆ ನಾಕ್ ಜನ ಬರ್ಬೇಕು."

ಹೆಡ್ ಆಫೀಸು

ಸತ್ತೇಗಾಲದ ಹತ್ತಿರ ನನ್ನ ಮಾವನವರ ಅಕ್ಕಿ ಗಿರಣಿ ಇದೆ. ಮಾವನವರಿಗೆ ನನ್ನ ಬಗ್ಗೆ ಇರುವ ದೂರು ಒಂದೇ. ಅಳಿಯ ಎಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಕೂತಿರುತ್ತಾನೆ. ಯಾರಾದರೂ ನೆಂಟರು, "ಅಳಿಯಂದ್ರು ಏನ್ ಮಾಡ್ತರೆ?" ಅಂತ ಕೇಳಿದರೆ, ಅವರು, "ಏನೋ ಕಂಪ್ಯೂಟರ್ ನೋಡ್ತರೆ" ಅನ್ನುತ್ತಾರೆ. ಟಿ.ವಿ. ನೋಡುತ್ತಾರೆ ಅನ್ನುವ ಹಾಗೆ.

ಅವರ ಮೆಚ್ಚುಗೆ ಗಳಿಸಬೇಕೆಂದೇ ಅಕ್ಕಿ ಗಿರಣಿಗೆ ಒಂದು ಸಾಫ್ಟ್‌ವೇರ್ ಬರೆದೆ. ಭತ್ತದ ತೂಕ, ಅಕ್ಕಿ, ನುಚ್ಚು, ತೌಡು ಎಲ್ಲದರ ಲೆಕ್ಕ ತಾನೇ ಮಾಡುತ್ತದೆ. ಮಾವನವರ ಮುಂದೆ ಇಟ್ಟಾಗ, "ಇರ್ಲಿ ಬುಡಿ ಅಳಿಮಯ್ಯ, ಯಾವುದಾದ್ರೂ ಕಂಪನೀದೇ ತಕತೀನಿ" ಅಂದರು. ನನಗೆ ಅವಮಾನವಾಯಿತು. ಆ ಸಿಟ್ಟಿನಲ್ಲಿ ಇಡೀ ಕೋಡನ್ನು ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ತೆಗೆದುಕೊಳ್ಳಿ, ತಿದ್ದಿ, ಮಾರಿಕೊಳ್ಳಿ ಅಂತ ಬರೆದು, ಕೆಳಗೆ ನನ್ನ ಫೋನ್ ನಂಬರನ್ನೂ ಕೊಟ್ಟೆ.

ಕೆಲವು ತಿಂಗಳಾದ ಮೇಲೆ ಮೈಸೂರಿನಿಂದ ಒಬ್ಬ ಫೋನ್ ಮಾಡತೊಡಗಿದ. ತುಂಬ ವಿನಯವಂತ. "ಸರ್, ನಿಮ್ಮ ಸಾಫ್ಟ್‌ವೇರ್ ಬಳಸ್ತಾ ಇದ್ದೀನಿ, ಒಂದು ಸಣ್ಣ ಡೌಟು" ಅನ್ನುತ್ತಿದ್ದ. ನನ್ನ ಕೋಡಿಗೂ ಒಬ್ಬ ಗಿರಾಕಿ ಸಿಕ್ಕನಲ್ಲ ಅಂತ ಹಿಗ್ಗಿ, ಊಟ ಬಿಟ್ಟೂ ಅವನ ಡೌಟು ಪರಿಹರಿಸುತ್ತಿದ್ದೆ. ಯಾವ ಗಿರಣಿ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೊನ್ನೆ ಮಾವನವರ ಗಿರಣಿಗೆ ಹೋದಾಗ ಅವರ ಮೇಜಿನ ಮೇಲೆ ಹೊಸ ಕಂಪ್ಯೂಟರ್ ಕೂತಿತ್ತು. "ಬನ್ನಿ ಅಳಿಮಯ್ಯ, ಇಲ್ಲಿ ನೋಡಿ. ಸಾಫ್ಟ್‌ವೇರ್ ಅಂದ್ರೆ ಇಂಗಿರ್ಬೇಕು" ಅಂತ ಪರದೆ ತೋರಿಸಿದರು. ನನಗೆ ಪರಿಚಯದ ಮುಖ ಕಂಡ ಹಾಗಾಯಿತು. ನಾನು ನೀಲಿ ಹಾಕಿದ್ದ ಕಡೆ ಹಸಿರು ಬಂದಿತ್ತು, ಹೆಸರು ಬದಲಾಗಿತ್ತು, ಕೆಳಗೆ 'ನಕಲು ಮಾಡುವುದು ಶಿಕ್ಷಾರ್ಹ ಅಪರಾಧ' ಅಂತ ಸೇರಿತ್ತು. ಆದರೆ ನಾನು ಅವಸರದಲ್ಲಿ 'ಒಟ್ಟು ಮೊತ್ತ' ಅನ್ನುವುದನ್ನು 'ಒಟ್ಟು ಮತ್ತು' ಅಂತ ಟೈಪ್ ಮಾಡಿದ್ದೆ. ಅದು ಹಾಗೇ ಇತ್ತು.

"ಮಾವ, ಇದು ನಾನು ಬರ್ದಿದ್ದು" ಅಂದೆ.

ಅವರು ನೊಂದುಕೊಂಡರು. "ಇನ್ನೊಬ್ರು ಕಷ್ಟಪಟ್ಟು ಮಾಡಿರೋದ ನೋಡಿ ಹಂಗನ್ಬಾರ್ದು ಅಳಿಮಯ್ಯ. ನೋಡಿ ಕಲೀಬೇಕು."

ನಾನು ಇನ್ನೇನಾದರೂ ಹೇಳುವುದರೊಳಗೆ ಬಾಗಿಲಿಗೆ ಭತ್ತದ ಲೋಡು ಬಂತು. ಬಿಲ್ಲು ಹಾಕಲು ಹೋದರೆ ಪರದೆ ಕದಲಲಿಲ್ಲ. ಲಾರಿಯವನು ಗೊಣಗತೊಡಗಿದ. ನಾನು ಮುಂದೆ ಬಾಗಿದೆ. ಮಾವನವರು ನನ್ನ ಕೈ ಸರಿಸಿ, "ನೀವು ಮುಟ್ಬೇಡಿ, ಕೆಟ್ಟುಗಿಟ್ಟಾದು. ಕಂಪನಿಗೇ ಫೋನ್ ಮಾಡ್ತೀನಿ" ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಆ ಕಡೆಯಿಂದ ನನಗೆ ಚೆನ್ನಾಗಿ ಗುರುತಿದ್ದ ವಿನಯದ ದನಿ ಬಂತು. "ಯಜಮಾನ್ರೆ, ಏನೂ ಯೋಚ್ನೆ ಮಾಡ್ಬೇಡಿ. ನಮ್ಮ ಹೆಡ್ ಆಫೀಸಿನ ಸೀನಿಯರ್ ಇಂಜಿನಿಯರ್‌ನ ಲೈನಿಗೆ ತಗೋತೀನಿ. ತುಂಬ ದೊಡ್ಡೋರು, ಅಷ್ಟು ಸುಲಭಕ್ಕೆ ಸಿಗಲ್ಲ. ಒಂದ್ನಿಮಿಷ ಇರಿ."

ನನ್ನ ಜೇಬಿನಲ್ಲಿ ಫೋನ್ ರಿಂಗಾಯಿತು.

ಎತ್ತದೆ ಬಿಡಬಹುದಿತ್ತು. ಆದರೆ ಲಾರಿಯವನ ಮುಖ ನೋಡಲಾಗಲಿಲ್ಲ. ಎತ್ತಿ "ಹಲೋ" ಅಂದೆ. ನನ್ನ ಬಾಯಿಂದ ಒಂದು ಹಲೋ, ಮಾವನವರ ಮೇಜಿನಿಂದ ಒಂದು ಹಲೋ ಬಂತು. ಮಾವನವರು ಮೇಜಿನ ಫೋನ್ ನೋಡಿದರು, ನನ್ನ ಕೈ ನೋಡಿದರು. ನಾನು ತೂಕದ ಜಾಗ ಖಾಲಿ ಬಿಟ್ಟಿದ್ದಕ್ಕೆ ಹೀಗಾಗಿದೆ ಅಂತ ಹೇಳಿ, ಅವರ ಪಕ್ಕದಲ್ಲೇ ನಿಂತು ಸರಿಮಾಡಿದೆ. ಬಿಲ್ಲು ಬಂತು, ಲಾರಿ ಹೋಯಿತು. "ಥ್ಯಾಂಕ್ಯೂ ಸರ್" ಅಂತ ವಿನಯವಂತ ಫೋನ್ ಇಟ್ಟ.

ಮಾವನವರು ಎದ್ದು ನಿಂತರು. ಮದುವೆಯಾದಾಗಿನಿಂದ ಇವತ್ತಿನವರೆಗೆ ಕೊಡದಿದ್ದ ತಮ್ಮ ಕುರ್ಚಿಯನ್ನು ನನ್ನ ಕಡೆ ತಳ್ಳಿದರು. ಇನ್ನಾದರೂ ಸತ್ಯ ತಿಳಿಯಿತಲ್ಲ ಅಂತ ನಾನು ಕೂತೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಒಳಗೊಳಗೇ ಹಿಗ್ಗಿ ಹೇಳಿದರು:

"ಅಲ್ಲ ಅಳಿಮಯ್ಯ, ಅಷ್ಟ್ ದೊಡ್ಡ ಕಂಪನೀಲಿ ಕೆಲ್ಸ ಸಿಕ್ಕದೆ, ನಮಗೊಂದ್ ಮಾತು ಹೇಳ್ಬಾರ್ದ?"